ಆಟದೊಳಗಿನ ಕಣಿ

ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಬುಡುಬುಡಿಕೆಯವನು ಬರ್ತಿದ್ದ. ಬೆಳಗಿನ ಜಾವ, ಕೊಟ್ಟಿಗೆಯಲ್ಲಿ ಸಗಣಿ ಬಾಚೋ ಹೊತ್ತಿಗೆ ಬೀದಿ ತುದಿಯಿಂದಲೇ ಅವನ ಸದ್ದು ಕೇಳೋದು. ಒಂದ್ಸಲ ನಮ್ಮ ಬಾಗಿಲಲ್ಲಿ ನಿಂತು, "ಈ ಮನೇಲೊಂದು ಜೀವ ಓದಕ್ಕೆ ದೂರ ಹೋಗ್ತೈತೆ" ಅಂದ. ನನಗೆ ಆಗ ತಾನೇ ಬಿ.ಇ. ಸೀಟು ಸಿಕ್ಕಿತ್ತು. ಬೆರಗಾಗಿಬಿಟ್ಟೆ. ಅಜ್ಜಿ ಮೊರದಿಂದ ರಾಗಿ ಸುರಿದು ಒಳಗೆ ಬಂದವಳೇ, "ನಿನ್ನೆ ಟೀ ಅಂಗಡೀಲಿ ನಿಮ್ಮಪ್ಪ ಹೇಳಿದ್ನ ಕೇಳಿಸ್ಕೊಂಡವ್ನೆ ಕಣ್ಲಾ" ಅಂದಳು. ಮತ್ತೆ ರಾಗಿ ಯಾಕೆ ಹಾಕಿದೆ ಅಂದೆ. "ಬಾಯ್ತುಂಬ ಒಳ್ಳೇದ್ ನುಡ್ದವ್ನೆ, ಅದಕ್ಕೆ."

ಆನ್‌ಲೈನ್ ಆಟಗಳಲ್ಲಿ ಭವಿಷ್ಯ ಹೇಳುವವರ ಚರಿತ್ರೆ ಓದುವಾಗೆಲ್ಲ ನನಗೆ ಈ ರಾಗಿ ನೆನಪಾಗುತ್ತೆ.

ಹಲವರು ಸೇರಿ ಆಡುವ ಇಂಥ ಆಟಗಳ ಹಿರಿಯಜ್ಜ ಅಂದರೆ ಮಡ್. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿದ್ದು, ರಿಚರ್ಡ್ ಬಾರ್ಟಲ್ ಮುಂದುವರಿಸಿದ್ದು. ಚಿತ್ರ ಇಲ್ಲ, ಬರೀ ಅಕ್ಷರ. ಆಡಿ ಆಡಿ ತುದಿ ಮುಟ್ಟಿದವರು 'ವಿಝರ್ಡ್' ಆಗುತ್ತಿದ್ದರು. ಉಳಿದವರಿಗೆ ಕಾಣದ್ದು ಅವರಿಗೆ ಕಾಣುತ್ತಿತ್ತು, ಉಳಿದವರಿಗೆ ಆಗದ್ದನ್ನು ಅವರು ಮಾಡಬಲ್ಲವರಾಗಿದ್ದರು. ಆಟದೊಳಗೆ ತ್ರಿಕಾಲಜ್ಞಾನಿ ಅನ್ನೋ ಹುದ್ದೆ ಹುಟ್ಟಿದ್ದು ಹೀಗೆ.

ಕಣಿ ಹೇಳುವ ಪಾತ್ರ ಹೆಸರು ಮಾಡಿದ್ದು ಮಾತ್ರ ಒಬ್ಬರೇ ಆಡುವ ಆಟದಲ್ಲಿ. ರಿಚರ್ಡ್ ಗ್ಯಾರಿಯಟ್ 1985ರಲ್ಲಿ ತಂದ ಅಲ್ಟಿಮಾ 4 ಶುರುವಾಗುವುದೇ ಜಾತ್ರೆಯ ಬಂಡಿಯೊಂದರಲ್ಲಿ ಕೂತ ಜಿಪ್ಸಿ ಹೆಂಗಸಿನಿಂದ. (ಅಲೆಮಾರಿ ಜನ ಅಂದರೆ ಕಣಿ ಹೇಳುವವರು ಅನ್ನೋ ಹಳೇ ಪಡಿಯಚ್ಚು ಅಲ್ಲೂ ಇದೆ ಬಿಡಿ.) ಅವಳು ನಿಮ್ಮ ಭವಿಷ್ಯ ಹೇಳೋದಿಲ್ಲ, ಪ್ರಶ್ನೆ ಕೇಳ್ತಾಳೆ. ನಿಜ ಹೇಳೋದು ಮುಖ್ಯವೋ, ಕರುಣೆ ಮುಖ್ಯವೋ? ನ್ಯಾಯವೋ, ತ್ಯಾಗವೋ? ಗುಣಗಳು ಎಂಟು, ಪ್ರಶ್ನೆ ಏಳು. ನಮ್ಮೂರ ಕಬಡ್ಡಿ ಟೂರ್ನಮೆಂಟಿನ ನಾಕೌಟ್ ಲೆಕ್ಕವೇ ಇದು: ನಾಲ್ಕು, ಎರಡು, ಒಂದು. ಕೊನೆಗೆ ಗೆದ್ದ ಗುಣದ ಮೇಲೆ ನೀವು ಯಾರು ಅನ್ನೋದು ತೀರ್ಮಾನ. ನೀವೇ ಹೇಳಿದ್ದನ್ನು ನಿಮಗೇ ತಿರುಗಿ ಹೇಳುವ ಕಣಿ. ಟೀ ಅಂಗಡಿ ವಿದ್ಯೆಯೇ, ಆದರೆ ಮೋಸ ಇಲ್ಲ.

1997ರಲ್ಲಿ ಅದೇ ಲೋಕ ಅಲ್ಟಿಮಾ ಆನ್‌ಲೈನ್ ಆಗಿ ಸಾವಿರಾರು ಜನರಿಗೆ ತೆರೆದುಕೊಂಡಿತು. ಇಷ್ಟು ಜನಕ್ಕೆ ಕಥೆ ಕಟ್ಟೋರು ಯಾರು? ಅದಕ್ಕೆ ಕಂಪನಿ ಆಟಗಾರರಲ್ಲೇ ಕೆಲವರನ್ನು ಸ್ವಯಂಸೇವಕರಾಗಿ ಆರಿಸಿತು. ಆಟ ಗೊತ್ತಾಗದೆ ಒದ್ದಾಡುವವರಿಗೆ ನೆರವಾಗುವವರು ಕೌನ್ಸೆಲರ್‌ಗಳು. ವೇಷ ಹಾಕಿಕೊಂಡು ಬಂದು ಕಥೆ ನಡೆಸುವವರು ಸಿಯರ್‌ಗಳು, ಅಂದರೆ ಕಾಣುವವರು, ದ್ರಷ್ಟಾರರು. ಹೆಸರು ಎಷ್ಟು ಸರಿ ನೋಡಿ. ಊರಿನ ಮೇಲೆ ದಂಡು ಬರುತ್ತದೆ ಎಂದು ಸಿಯರ್ ಎಚ್ಚರಿಸಿದರೆ ಅದು ಸುಳ್ಳಾಗುವ ಮಾತೇ ಇಲ್ಲ, ದಂಡು ತರುವವನೂ ಅವನೇ.

ಆದರೆ ಈ ದ್ರಷ್ಟಾರರಿಗೆ ಸಂಬಳ ಇರಲಿಲ್ಲ. ಆಡುವವರು ತಿಂಗಳು ತಿಂಗಳು ಕಂಪನಿಗೆ ಡಾಲರ್ ಕಟ್ಟುತ್ತಿದ್ದರು, ಆಡಿಸುವವರದು ಬಿಟ್ಟಿ ದುಡಿಮೆ. 2000ದಲ್ಲಿ ಸ್ವಯಂಸೇವಕರಾಗಿದ್ದ ಕೆಲವರು ಅಮೆರಿಕದ ಕೂಲಿ ಕಾನೂನಿನ ಅಡಿಯಲ್ಲಿ ಕೋರ್ಟಿಗೆ ಹೋದರು: ನಾವು ಮಾಡಿದ್ದು ಕೆಲಸ, ಕೂಲಿ ಕೊಡಿ ಅಂತ. 2004ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಆಟವೂ ದುಡಿಮೆಯಾಗಬಹುದು ಅನ್ನೋ ಪ್ರಶ್ನೆ ಮಾತ್ರ ಇವತ್ತಿಗೂ ಮುಗಿದಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ಆಶೆರಾನ್ಸ್ ಕಾಲ್ ಕಥೆ. ಟರ್ಬೈನ್ ಕಂಪನಿ 1999ರ ನವೆಂಬರಿನಲ್ಲಿ ತಂದ ಆಟ. ಅದರಲ್ಲಿ ತಿಂಗಳಿಗೊಂದು ಕಂತು ಕಥೆ. ಬೇಲ್‌ಝರಾನ್ ಎಂಬ ರಾಕ್ಷಸ ಹರಳುಗಳ ಕಟ್ಟಿನಲ್ಲಿ ಸೆರೆಯಲ್ಲಿದ್ದಾನೆ, ಆಟಗಾರರು ಹರಳು ಒಡೆಯುತ್ತಾರೆ, ಅವನು ಹೊರಬರುತ್ತಾನೆ. ಇದು ಬರೆದಿಟ್ಟ ಭವಿಷ್ಯ. ಎಲ್ಲ ಸರ್ವರ್‌ಗಳಲ್ಲೂ ಹಾಗೇ ಆಯಿತು, ಥಿಸಲ್‌ಡೌನ್ ಅನ್ನೋದೊಂದನ್ನು ಬಿಟ್ಟು. ಅಲ್ಲಿಯ ಒಂದು ಗುಂಪು ಕೊನೆಯ ಹರಳನ್ನು ಒಡೆಯಲು ಬಿಡಲೇ ಇಲ್ಲ. ಪಾಳಿ ಹಾಕಿಕೊಂಡು ಕಾವಲು ಕೂತರು. ಕಂಪನಿಯವರ ಕ್ಯಾಲೆಂಡರ್ ಕೆಟ್ಟಿತು. ಕೊನೆಗೆ ಅವರೇ ಆಟದೊಳಕ್ಕೆ ಇಳಿದು ಹರಳು ಒಡೆಸಬೇಕಾಯಿತು. ಆಮೇಲೆ ಆ ಸರ್ವರ್‌ನಲ್ಲಿ ಮಾತ್ರ ಕಾವಲಿದ್ದವರ ನೆನಪಿಗೆ ಒಂದು ಸ್ಮಾರಕ ನಿಲ್ಲಿಸಿದರು. ನಮ್ಮ ಕಡೆಯ ವೀರಗಲ್ಲಿನ ಹಾಗೆ. ಸೋತವರಿಗೇ ಕಲ್ಲು.

ಅಲ್ಲಿಂದೀಚೆಗೆ ಕಣಿ ಸಲೀಸಾಯಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2005ರಲ್ಲಿ ಬಂದ ಡಾರ್ಕ್‌ಮೂನ್ ಜಾತ್ರೆಯಲ್ಲಿ ಸೇಜ್ ಎಂಬ ಕತ್ತೆಕಿರುಬ ಮುಖದ ಕಣಿಗಾರ ಕೂತಿರುತ್ತಾನೆ. ಅವನ ಪ್ರಶ್ನೆಗಳಿಗೆ ಉತ್ತರಿಸಿದರೆ ಎರಡು ಗಂಟೆ ಹೊತ್ತು ಏನಾದರೊಂದು ಬಲ ಸಿಗುತ್ತೆ. ಏಟಿನ ಬಲ 10 ಪರ್ಸೆಂಟ್ ಹೆಚ್ಚಬೇಕಾದರೆ ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ಜನ ಪಟ್ಟಿ ಮಾಡಿ ಬಾಯಿಪಾಠ ಮಾಡಿಬಿಟ್ಟರು. ಫೈನಲ್ ಫ್ಯಾಂಟಸಿ 14ರಲ್ಲಿ 2015ರಲ್ಲಿ ಬಂದ ಜ್ಯೋತಿಷಿ ಆರು ಬಗೆಯ ಕಾರ್ಡುಗಳಲ್ಲಿ ಒಂದನ್ನು ಎಳೆಯುತ್ತಿದ್ದ, ಯಾವುದು ಬರುತ್ತದೋ ಅದೃಷ್ಟ. 2024ರ ಡಾನ್‌ಟ್ರೇಲ್ ಹೊತ್ತಿಗೆ ಅದೃಷ್ಟವನ್ನೇ ತೆಗೆದುಹಾಕಿದರು, ಈಗ ಯಾವ ಕಾರ್ಡು ಬರುತ್ತೆ ಅಂತ ಮೊದಲೇ ಗೊತ್ತು. ಕೋಡ್ ಬರೆಯುವವನಾಗಿ ನನಗೆ ಇದು ಅರ್ಥವಾಗುತ್ತೆ. ನಂಬಿಕೊಂಡು ಕೂತವರಿಗೆ ಅಡ್ಡಾದಿಡ್ಡಿ ಫಲ ಬಂದರೆ ಬಗ್ ಅಂತಾರೆ.

ಆದರೆ ನಾನೂ ಒಂದು ಕಾಲಕ್ಕೆ ಕಣಿ ಹೇಳಿದವನು. ಎರಡನೇ ವರ್ಷದ ಬಿ.ಇ., ಕಾಲೇಜಿನ ಲ್ಯಾಬು, ಹಳೇ ಕಂಪ್ಯೂಟರಿನಲ್ಲೂ ಓಡುವ ಅಕ್ಷರಗಳ ಆಟ. ಸಂತೆಚೌಕದಲ್ಲಿ ಕೂತ ಕುರುಡು ಮುದುಕ ನಾನು, ಎರಡು ನಾಣ್ಯಕ್ಕೆ ಒಂದು ಕಣಿ. ಯಾರು ಯಾವ ಗುಂಪಿನವರು, ನಿನ್ನೆ ಎಲ್ಲಿ ಸೋತರು ಅನ್ನೋದನ್ನ ಕಿವಿಗೊಟ್ಟು ಕೇಳಿಕೊಂಡು ಒಗಟಿನ ಹಾಗೆ ನುಡಿಯೋದು. ಜನ ಸಾಲುಗಟ್ಟುತ್ತಿದ್ದರು.

ಒಂದು ಸಂಜೆ ದಿನಾ ಬರುವ ಒಬ್ಬ ಬಂದ. ಯಾವ ದೇಶದವನೋ. ನಾಣ್ಯ ಇಟ್ಟು ಕೇಳಿದ: ನಾಳೆ ನನ್ನ ಅಮ್ಮನಿಗೆ ಆಪರೇಷನ್, ಏನಾಗುತ್ತೆ?

ಅದು ಆಟದ ಮಾತಾಗಿರಲಿಲ್ಲ. ಕೀಬೋರ್ಡ್ ಮೇಲೆ ಕೈ ನಿಂತುಹೋಯಿತು. ಬಾಯ್ತುಂಬ ಒಳ್ಳೇದು ನುಡಿಯೋದು ಎಷ್ಟು ಸುಲಭ ಇತ್ತು. ಹೆಚ್ಚುಕಮ್ಮಿಯಾದರೆ? ಮೊದಲ ಸಲ ವೇಷ ಕಳಚಿ ಬರೆದೆ: ನಾನೊಬ್ಬ ವಿದ್ಯಾರ್ಥಿ, ನನಗೆ ಗೊತ್ತಿಲ್ಲ, ಆದರೆ ಇಲ್ಲೇ ಇರ್ತೀನಿ, ಮಾತಾಡು. ಲ್ಯಾಬ್ ಅಟೆಂಡರ್ ಬಂದು ದೀಪ ಆರಿಸೋವರೆಗೂ ಅವನು ಅಮ್ಮನ ಬಗ್ಗೆ ಬರೆಯುತ್ತಲೇ ಇದ್ದ.

ನಾಲ್ಕು ದಿನ ಅವನ ಸುಳಿವಿಲ್ಲ. ಐದನೇ ದಿನ ಬಂದ. ಏನೂ ಹೇಳಲಿಲ್ಲ. ನನ್ನ ಮುಂದೆ ಎರಡು ನಾಣ್ಯ ಇಟ್ಟು ಹೋದ.

ನಾನು ಕೇಳಲೂ ಇಲ್ಲ. ಅಜ್ಜಿ ಮೊರದಿಂದ ರಾಗಿ ಸುರೀತಿದ್ದದ್ದು ಯಾತಕ್ಕೆ ಅಂತ ಅವತ್ತು ಸ್ವಲ್ಪ ಗೊತ್ತಾಯಿತು. ಸಂಬಳಕ್ಕಾಗಿ ಕೋರ್ಟಿಗೆ ಹೋದವರ ಸುದ್ದಿ ಮುಂದೆ ಓದಿದಾಗ, ಅವರ ಕೆಲಸ ಎಂಥದ್ದು ಅಂತ ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.