ಸಿಂಪ್ಯೂಟರಿನಿಂದ ಇಲ್ಲಿಯವರೆಗೆ: ಅಂಗಿ ಕಿಸೆಯಲ್ಲಿ ಹಿಡಿಸುವ ಕನ್ನಡ

ಓದಲಿಕ್ಕೆ, ವಿಡಿಯೋ ನೋಡಲಿಕ್ಕೆ, ಆಗೀಗ ನಾಲ್ಕು ಸಾಲು ಗುರುತು ಹಾಕಿಕೊಳ್ಳಲಿಕ್ಕೆ ಆಗುವಂಥ, ಅಂಗಿ ಕಿಸೆಯಲ್ಲಿ ಹಿಡಿಸುವ ಒಂದು ಯಂತ್ರ ಬೇಕು ಅಂತ ಕೇಳಿದರೆ ಈಗ ಅಂಗಡಿಯವನು ಹತ್ತು ಡಬ್ಬಿ ತಂದು ಎದುರಿಗಿಡುತ್ತಾನೆ. ಆದರೆ ‘ಕನ್ನಡದಲ್ಲಿ ಓದಬೇಕು, ಕನ್ನಡದಲ್ಲೇ ಬರೆಯಬೇಕು’ ಎಂದು ಒಂದು ಮಾತು ಸೇರಿಸಿದರೆ? ಆ ಪ್ರಶ್ನೆಗೆ ಸುಮಾರು ಇಪ್ಪತ್ತು ವರ್ಷ ಅಂಗಡಿಗಳಲ್ಲಿ ಉತ್ತರವೇ ಇರಲಿಲ್ಲ. ಉತ್ತರ ತಯಾರಾಗಿರಲಿಲ್ಲ ಅಂತಲ್ಲ. 2001ರಲ್ಲೇ ತಯಾರಾಗಿತ್ತು, ಅದೂ ನಮ್ಮ ಬೆಂಗಳೂರಿನಲ್ಲಿ. ಅದು ನಮ್ಮ ಕಿಸೆಯವರೆಗೆ ಬರಲಿಲ್ಲ, ಅಷ್ಟೆ. ಯಾಕೆ ಬರಲಿಲ್ಲ, ಬಾರದೆ ಇದ್ದದ್ದರಿಂದ ನಮ್ಮಂಥ ಹೊರನಾಡಿನವರಿಗೆ ಏನಾಯಿತು ಅನ್ನುವುದೇ ಈ ಬರಹ.

ಕಿಸೆಯ ಅಳತೆ ಏನು ಅನ್ನುವುದು ಸಯನ್ನಿನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಇಲ್ಲಿ ನಿಲ್ಲುವುದು ಸ್ಲೋ ಲೋಕಲ್. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಂದು ಕೈ ಮೇಲಿನ ಹಿಡಿಕೆಗೆ, ಉಳಿದದ್ದು ಒಂದೇ ಕೈ. ಆ ಕೈಯಲ್ಲಿ ಏನು ಹಿಡಿಯಬಹುದೋ ಅದೇ ನಮ್ಮ ವಾಚನಾಲಯ. (ಸಯನ್ ಅಂದರೆ ಮರಾಠಿಯಲ್ಲಿ ಶೀವ್, ಅಂದರೆ ಸೀಮೆ. ಹಳೆಯ ಮುಂಬಯಿ ದ್ವೀಪ ಮುಗಿಯುತ್ತಿದ್ದದ್ದು ಇಲ್ಲಿಗೆ.) ಪೇಪರನ್ನು ಉದ್ದಕ್ಕೆ ಎಂಟು ಮಡಿಕೆ ಮಾಡಿ, ಪಕ್ಕದವನ ಮೂಗಿಗೆ ತಾಗದಂತೆ ಓದುವ ವಿದ್ಯೆ ಮುಂಬಯಿಯವರಿಗೆ ರಕ್ತಗತ. ಪುಸ್ತಕವಾದರೆ ಸಣ್ಣದಿರಬೇಕು. 1970ರ ದಶಕದಲ್ಲಿ ರಾಷ್ಟ್ರೋತ್ಥಾನದವರು ತಂದ ಭಾರತ-ಭಾರತಿ ಪುಸ್ತಕ ಸಂಪದದ ಪುಟ್ಟ ಪುಸ್ತಕಗಳು ಕಿಸೆಗೆ ಹೇಳಿ ಮಾಡಿಸಿದಂತಿದ್ದವು. ಗುರುತು ಹಾಕಿಕೊಳ್ಳಲು ವರ್ಷಕ್ಕೊಮ್ಮೆ ಬ್ಯಾಂಕು ಕೊಡುವ ಪಾಕೆಟ್ ಡೈರಿ, ಅದರ ಬೆನ್ನಿಗೆ ಒಂದು ಮೋಟು ಪೆನ್ಸಿಲ್. ಗೋಕುಲದಲ್ಲಿ ತಾಳಮದ್ದಳೆ ಕೇಳುವಾಗಲೂ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಉಪನ್ಯಾಸ ಕೇಳುವಾಗಲೂ ಅದೇ ಡೈರಿ. ಅದಕ್ಕೆ ಕನ್ನಡ ಬರುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಇರಲಿಲ್ಲ ನೋಡಿ. ಕಾಗದಕ್ಕೆ ಎಲ್ಲ ಭಾಷೆಯೂ ಬರುತ್ತದೆ.

ಮೊದಲು ಬಂದದ್ದು ಡಿಜಿಟಲ್ ಡೈರಿ. 90ರ ದಶಕದಲ್ಲಿ ಮನೀಶ್ ಮಾರ್ಕೆಟ್ಟಿನಲ್ಲಿ ಕ್ಯಾಸಿಯೋ ಡೈರಿಗೆ ಇದ್ದ ಮರ್ಯಾದೆ ಈಗಿನ ಯಾವ ಫೋನಿಗೂ ಇಲ್ಲ. ಫೋನ್ ನಂಬರು, ಹುಟ್ಟಿದ ಹಬ್ಬ, ಒಂದಿಷ್ಟು ಲೆಕ್ಕ. ಇಷ್ಟಕ್ಕೇ ಅದನ್ನು ತೆಗೆದು ಟೇಬಲ್ಲಿನ ಮೇಲಿಡುವ ಗತ್ತು ಬೇರೆ. ಅಕ್ಷರ ಮಾತ್ರ ಇಂಗ್ಲಿಷಿನವು.

ಅಮೆರಿಕದಲ್ಲಿ 1993ರಲ್ಲಿ ಆಪಲ್ ಕಂಪನಿ ನ್ಯೂಟನ್ ತಂದಿತು. ಬೆಲೆ 699 ಡಾಲರ್. ಕಡ್ಡಿಯಿಂದ ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುತ್ತದೆ ಅಂತ ಹೆಸರು, ಆದರೆ ತಪ್ಪು ಓದಿಯೇ ಹೆಚ್ಚು ಪ್ರಸಿದ್ಧಿಗೆ ಬಂತು. ಅಂಗಿ ಕಿಸೆಗಂತೂ ಹಿಡಿಸುವ ಗಾತ್ರವಲ್ಲ. ಅದನ್ನು ನೋಡಿ ಪಾಠ ಕಲಿತವನು ಪಾಮ್ ಕಂಪನಿಯ ಜೆಫ್ ಹಾಕಿನ್ಸ್. ಆತ ಯಂತ್ರ ಮಾಡುವ ಮೊದಲು ತನ್ನ ಅಂಗಿ ಕಿಸೆಯ ಅಳತೆಗೆ ಒಂದು ಮರದ ತುಂಡು ಕತ್ತರಿಸಿ, ತಿಂಗಳುಗಟ್ಟಲೆ ಅದನ್ನೇ ಕಿಸೆಯಲ್ಲಿಟ್ಟುಕೊಂಡು ತಿರುಗಿದ. ಮೀಟಿಂಗಿನಲ್ಲಿ ಮರದ ತುಂಡನ್ನು ತೆಗೆದು ಕಡ್ಡಿಯಿಂದ ಬರೆದಂತೆ ನಟಿಸುತ್ತಿದ್ದನಂತೆ! 1996ರಲ್ಲಿ ಬಂದ ಪಾಮ್ ಪೈಲಟ್ ಆ ಮರದ ತುಂಡಿನ ಮಗು. ನೆನಪಿನ ಶಕ್ತಿ ಬರೀ 128 ಕೆಬಿ, ಎರಡು ಸಣ್ಣ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತಿತ್ತು. ಬರೆಯಲು ಗ್ರಾಫಿಟಿ ಎಂಬ ಹೊಸ ಲಿಪಿ. ಒಂದಕ್ಷರಕ್ಕೆ ಒಂದೇ ಗೀಟು, ಇಂಗ್ಲಿಷಿನ ‘ಎ’ ಅಂದರೆ ತಲೆಕೆಳಗಾದ ‘ವಿ’. ಯಂತ್ರಕ್ಕೆ ನಮ್ಮ ಕೈಬರಹ ಕಲಿಸುವ ಬದಲು ನಮ್ಮ ಕೈಗೇ ಯಂತ್ರದ ಲಿಪಿ ಕಲಿಸಿದ ಬುದ್ಧಿವಂತಿಕೆ. ಇಪ್ಪತ್ತಾರು ಅಕ್ಷರದವರಿಗೆ ಸರಿ. ಕಾಗುಣಿತ, ಒತ್ತಕ್ಷರ ಇರುವ ನಮಗೆ?

ಇನ್ನು ಸಿಂಪ್ಯೂಟರ್. 1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಳಿದ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ತಲುಪಬೇಕು ಅಂತ ಒಂದು ಸಮಾವೇಶ ನಡೆಯಿತು. ಅಲ್ಲಿಂದ ಹುಟ್ಟಿದ್ದು ಈ ಯೋಚನೆ. ಭಾರತೀಯ ವಿಜ್ಞಾನ ಸಂಸ್ಥೆಯ (ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ ಮತ್ತು ಗೆಳೆಯರು ಸೇರಿ ಒಂದು ಟ್ರಸ್ಟ್ ಮಾಡಿದರು. 2001ರ ಏಪ್ರಿಲ್ 25ರಂದು ಯಂತ್ರವನ್ನು ಹೊರಗೆ ತೋರಿಸಿದರು. 206 ಮೆಗಾಹರ್ಟ್ಸ್‌ನ ಚಿಪ್, 32 ಎಂಬಿ ಮೆಮರಿ, ಕಪ್ಪು-ಬಿಳುಪಿನ ಮುಟ್ಟುಪರದೆ, ಒಳಗೆ ಲಿನಕ್ಸ್, ಮೂರು ಸಣ್ಣ ಸೆಲ್. ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸು ಇರಬೇಕೆಂಬ ಗುರಿ. ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ಆ ವರ್ಷದ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇದನ್ನು ವರ್ಷದ ಬಹುಮುಖ್ಯ ಆವಿಷ್ಕಾರಗಳ ಸಾಲಿಗೆ ಸೇರಿಸಿ ಹೊಗಳಿದ.

ನನಗೆ ಬ್ಯಾಂಕಿನವನಾಗಿ ಇಷ್ಟವಾದದ್ದು ಅದರ ಸ್ಮಾರ್ಟ್ ಕಾರ್ಡ್. ಒಂದು ಊರಿಗೆ ಒಂದೇ ಯಂತ್ರ ಸಾಕು, ಪ್ರತಿಯೊಬ್ಬರ ಕೈಯಲ್ಲಿ ಅವರವರ ಕಾರ್ಡ್. ಕಾರ್ಡ್ ಹಾಕಿದರೆ ಅವರ ಮಾಹಿತಿ ತೆರೆಯುತ್ತದೆ. 2006ರಲ್ಲಿ ರಿಸರ್ವ್ ಬ್ಯಾಂಕು ಹಳ್ಳಿಗಳಿಗೆ ಬ್ಯಾಂಕಿನ ಪ್ರತಿನಿಧಿಗಳನ್ನು ಕಳಿಸಲು ಒಪ್ಪಿಗೆ ಕೊಟ್ಟ ಮೇಲೆ ಆ ಪ್ರತಿನಿಧಿಗಳು ಕೈಯಲ್ಲಿ ಹಿಡಿದು ಹೋದ ಯಂತ್ರಗಳಲ್ಲಿ ಇದೇ ಯೋಚನೆಯ ನೆರಳು ಕಾಣುತ್ತದೆ. ಕನ್ನಡಿಗನಾಗಿ ಇಷ್ಟವಾದದ್ದು ಬೇರೆ. ಅದು ಕನ್ನಡ ತೋರಿಸುತ್ತಿತ್ತು. ತೋರಿಸುವುದಷ್ಟೇ ಅಲ್ಲ, ಓದಿ ಹೇಳುತ್ತಿತ್ತು! ರಮೇಶ್ ಹರಿಹರನ್ ಅವರ ‘ಧ್ವನಿ’ ಎಂಬ ತಂತ್ರಾಂಶ ಕನ್ನಡದ ಬರಹವನ್ನು ಮಾತಾಗಿಸುತ್ತಿತ್ತು. ಅಕ್ಷರ ಬಾರದ ರೈತನಿಗೆ ಅಂತ ಮಾಡಿದ್ದು. ಆದರೆ ಅಕ್ಷರ ಬಲ್ಲ ಕನ್ನಡಿಗನಿಗೂ ಅಲ್ಲಿಯ ತನಕ ಯಾವ ಪರದೇಶದ ಕಿಸೆಯಂತ್ರವೂ ಇಷ್ಟು ಮಾಡಿರಲಿಲ್ಲ.

ಮುಂದೆ? ಮೂರು ವರ್ಷ ಕಳೆಯಿತು. 2004ರ ಮಾರ್ಚ್ 26ರಂದು ಪಿಕೋಪೇಟ ಕಂಪನಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ‘ಅಮಿದ ಸಿಂಪ್ಯೂಟರ್’ ಅನ್ನು ಮಾರುಕಟ್ಟೆಗೆ ತಂದವು. ಕಡಿಮೆಯದಕ್ಕೆ ಹತ್ತು ಸಾವಿರದ ಹತ್ತಿರ, ಬಣ್ಣದ ಪರದೆಯದಕ್ಕೆ ಅದರ ಇಮ್ಮಡಿ. ಕೈ ಕೊಂಚ ಕೊಡವಿದರೆ ಪುಟ ತಿರುವುವ ಚಲನೆಯ ಸೆನ್ಸರ್ ಅದರಲ್ಲಿತ್ತು. ಮೂರು ವರ್ಷದ ಮೇಲೆ ಐಫೋನ್ ಬಂದು ವಾಲಿಸಿದರೆ ಪರದೆ ತಿರುಗುತ್ತದೆ ಅಂದಾಗ ಜಗತ್ತು ಬಾಯಿ ಬಿಟ್ಟು ನೋಡಿತು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಗೆ, ಛತ್ತೀಸ್‌ಗಢದ ಶಾಲೆಗಳಲ್ಲಿ ಪ್ರಯೋಗಕ್ಕೆ ಒಂದಿಷ್ಟು ಹೋದವು. ಒಟ್ಟು ಮಾರಾಟ ಕೆಲವು ಸಾವಿರಕ್ಕೆ ನಿಂತಿತು.

ಸೋಲಿಗೆ ಸರಕಾರ ದೊಡ್ಡ ಆರ್ಡರ್ ಕೊಡಲಿಲ್ಲ, ಬಂಡವಾಳ ಸಿಗಲಿಲ್ಲ ಅಂತ ಕಾರಣ ಹೇಳುತ್ತಾರೆ. ನಿಜವೇ. ನನ್ನ ಲೆಕ್ಕದಲ್ಲಿ ಹೆಚ್ಚು ಪೆಟ್ಟು ಕೊಟ್ಟದ್ದು 2003. ಆ ವರ್ಷ ಒಳಬರುವ ಕರೆ ಉಚಿತವಾಯಿತು, ಜುಲೈಯಲ್ಲಿ ರಿಲಯನ್ಸ್‌ನವರು 501 ರೂಪಾಯಿಗೆ ಫೋನ್ ಕೈಗೆ ಕೊಟ್ಟರು, ಉಳಿದದ್ದು ಕಂತು. ಹತ್ತು ಸಾವಿರ ಕೊಟ್ಟು ಮಾತಾಡದ ಯಂತ್ರ ಕೊಳ್ಳುವವರು ಯಾರು? ಇನ್ನೊಂದು ಮಾತು, ಯಾರಿಗಾದರೂ ಬೇಸರವಾದರೆ ಆಗಲಿ: ಇದನ್ನು ‘ಬಡವರ ಕಂಪ್ಯೂಟರ್’ ಎಂದು ಕರೆದದ್ದೇ ಮುಳುವಾಯಿತು. ಬಡವ ಕೊಳ್ಳಲಾರ, ಉಳ್ಳವನಿಗೆ ಬೇಡ. ಸಯನ್, ಮಾಟುಂಗ, ಡೊಂಬಿವಿಲಿಗಳಲ್ಲಿ ಕನ್ನಡ ಓದುವ ಸಂಬಳದವರು ಸಾಕಷ್ಟು ಇದ್ದೆವು. ನಮ್ಮನ್ನು ಯಾರೂ ಗಿರಾಕಿ ಅಂತ ಎಣಿಸಲೇ ಇಲ್ಲ.

ಸಿಂಪ್ಯೂಟರ್ ಬದಿಗೆ ಸರಿದ ಮೇಲೆ ಉಳಿದದ್ದು ಪರದೇಶದ ಫೋನುಗಳು. ಅವುಗಳಲ್ಲಿ ಕನ್ನಡ ಯಾಕೆ ಬರುತ್ತಿರಲಿಲ್ಲ? ಫಾಂಟ್ ಇಲ್ಲ ಅನ್ನುವುದು ಅರ್ಧ ಉತ್ತರ. ‘ಸ್ತ್ರೀ’ ಎಂಬ ಒಂದೇ ಅಕ್ಷರ ತೆಗೆದುಕೊಳ್ಳಿ. ಯುನಿಕೋಡಿನಲ್ಲಿ ಅದು ಆರು ಸಂಕೇತ: ಸ, ವಿರಾಮ, ತ, ಮತ್ತೆ ವಿರಾಮ, ರ, ದೀರ್ಘ ಈ ಚಿಹ್ನೆ. ಆರನ್ನೂ ಕೂಡಿಸಿ, ತ ಒತ್ತನ್ನೂ ರ ಒತ್ತನ್ನೂ ಅವುಗಳ ಜಾಗದಲ್ಲಿ ಕೂರಿಸಿ, ಈಕಾರವನ್ನು ಸಕಾರಕ್ಕೆ ಹಚ್ಚಿ ಒಂದು ಆಕಾರ ಮಾಡುವ ಕೆಲಸ ಯಂತ್ರದ ಒಳಗೆ ಆಗಬೇಕು. ಆ ಕೆಲಸಗಾರ ಇಲ್ಲದಿದ್ದರೆ ಫಾಂಟ್ ಇದ್ದರೂ ಅಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಕೊಳ್ಳುತ್ತವೆ. ಫಾಂಟೂ ಇಲ್ಲದಿದ್ದರೆ ಬರೀ ಚೌಕ, ಚೌಕ, ಚೌಕ... ಆ ಚೌಕಗಳನ್ನು ನೋಡದ ಹೊರನಾಡ ಕನ್ನಡಿಗ ಇರಲಾರ.

ದೊಡ್ಡ ಕಂಪ್ಯೂಟರಿನಲ್ಲಿ ಈ ಸಮಸ್ಯೆ ಅಷ್ಟರಲ್ಲೇ ನೀಗಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂತು. ಅಂದ ಹಾಗೆ, ಆ ತುಂಗಾ ಹುಟ್ಟಿದ್ದು ಶಿವಮೊಗ್ಗದಲ್ಲಲ್ಲ, ಇಲ್ಲೇ ಜುಹುವಿನಲ್ಲಿ! ಎನ್‌ಸಿಎಸ್‌ಟಿ ಸಂಸ್ಥೆಯಲ್ಲಿ ಮರಾಠಿ ಅಕ್ಷರಶಿಲ್ಪಿ ರ. ಕೃ. ಜೋಶಿಯವರ ತಂಡ ಅದನ್ನು ಮಾಡಿದ್ದು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ಕನ್ನಡವನ್ನು ಹಿಡಿಸಿದ ಕೀಲಿಮಣೆ ಕೊಟ್ಟ ಕಿನ್ನಿಕಂಬಳದ ಕೆ.ಪಿ. ರಾಯರೂ ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ಮುಂಬಯಿಯ ಕನ್ನಡಿಗರು ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.

ಫೋನಿಗೆ ಮಾತ್ರ ಕಾಯಬೇಕಾಯಿತು. ನಡುವೆ ಒಂದು ಕಳ್ಳದಾರಿ ಸಿಕ್ಕಿತ್ತು, ಹಲವರಿಗೆ ನೆನಪಿರಬಹುದು. ಒಪೆರಾ ಮಿನಿಯಲ್ಲಿ ‘ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್’ ಎಂಬ ಸೆಟ್ಟಿಂಗ್ ಅಡಗಿಸಿಟ್ಟಿದ್ದರು. ಅದನ್ನು ಒಪ್ಪಿದರೆ ಅವರ ಸರ್ವರೇ ಕನ್ನಡ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಬಾರದಿದ್ದರೂ ಕನ್ನಡದ ಫೋಟೋ ಬರುತ್ತಿತ್ತು ಅನ್ನಿ. ಓದಬಹುದು, ಬರೆಯಲಾಗದು. 2012ರಲ್ಲಿ ಆಂಡ್ರಾಯ್ಡ್ 4.1 ಬಂದ ಮೇಲೆ ಕನ್ನಡ ನೆಟ್ಟಗೆ ಕೂತಿತು. ಐಫೋನ್ ಕನ್ನಡ ತೋರಿಸುತ್ತಿತ್ತು, ಆದರೆ ಅದರ ಸ್ವಂತ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಐಓಎಸ್ 11ರ ಜೊತೆ.

2004ರಿಂದ 2012, ಎಂಟು ವರ್ಷ. ಈ ಎಂಟು ವರ್ಷ ನಮ್ಮ ಮಕ್ಕಳು ಸುಮ್ಮನೆ ಕೂತಿರಲಿಲ್ಲ. ಅಜ್ಜಿಗೆ, ಅತ್ತೆಗೆ, ಊರಿನ ದಾಯಾದಿಗಳಿಗೆ ಮೆಸೇಜ್ ಮಾಡುತ್ತಲೇ ಇದ್ದರು. ಕನ್ನಡದಲ್ಲೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಯಂತ್ರ ಕಲಿಯುವ ಹೊತ್ತಿಗೆ ಬೆರಳು ಬೇರೆ ಲಿಪಿಗೆ ಒಗ್ಗಿಹೋಗಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಮರಾಠಿ ಹಿಂದಿ ಎಂದಿರುವ ಮುಂಬಯಿಯ ಮಕ್ಕಳಿಗೆ ಕನ್ನಡ ಲಿಪಿ ಕಣ್ಣಿಗೆ ಬೀಳುವ ಜಾಗವೇ ಕಡಿಮೆ. ಕಿಸೆಯೂ ಅದರಲ್ಲಿ ಒಂದಾಗಿದ್ದರೆ! ಬೆಂಗಳೂರಿನಲ್ಲಿರುವವರಿಗೆ ಈ ನಷ್ಟ ಅಷ್ಟಾಗಿ ತಿಳಿಯದು, ಅವರಿಗೆ ಬಸ್ಸಿನ ಬೋರ್ಡಾದರೂ ಇದೆ.

ಓದಲಿಕ್ಕೇ ಅಂತ ಹುಟ್ಟಿದ ಕಿಂಡಲ್ ಬಗ್ಗೆಯೂ ಹೇಳಬೇಕು. 2007ರಲ್ಲಿ ಅಮೆರಿಕದಲ್ಲಿ ಬಂತು. ಅದರ ಪರದೆ ಪುಟ ಬದಲಾಗುವಾಗ ಮಾತ್ರ ಕರೆಂಟ್ ಕುಡಿಯುತ್ತದೆ, ಬಿಸಿಲಲ್ಲೂ ಕಾಗದದಂತೆ ಕಾಣುತ್ತದೆ. ವಿಡಿಯೋ ಕೇಳಬೇಡಿ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತದ ಐದು ಭಾಷೆಗಳ ಪುಸ್ತಕಗಳನ್ನು ಕಿಂಡಲ್‌ಗೆ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳಿಗೆ ‘ಮೈಲ್ಯಾಂಗ್’ನಂಥ ಆ್ಯಪ್‌ಗಳನ್ನು ಆಮೇಲೆ ಕನ್ನಡಿಗರೇ ಕಟ್ಟಿಕೊಳ್ಳಬೇಕಾಯಿತು, ಅದೂ ಫೋನಿನ ಮೇಲೆ. ಹಾಗಾಗಿ ಕನ್ನಡ ಓದುಗನಿಗೆ ಫೋನೇ ಗತಿಯಾಯಿತು. ವಿಡಿಯೋ ಪ್ರಶ್ನೆಯನ್ನು 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋ ಮುಗಿಸಿತು. ಈಗ ಸ್ಲೋ ಲೋಕಲ್ಲಿನಲ್ಲಿ ನಿಂತೇ ಇಡೀ ಯಕ್ಷಗಾನ ನೋಡುವವರಿದ್ದಾರೆ.

ಈಗ ಕೊಳ್ಳುವವರಿಗೆ ನನ್ನ ಲೆಕ್ಕ ಇಷ್ಟು. ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಅಳತೆಯವು, ಅಗಲ ಐದೂವರೆ ಇಂಚಿನ ಹತ್ತಿರ. ದೊಡ್ಡ ಫೋನಿನ ಪರದೆಯ ಅಗಲ ಎರಡೂ ಮುಕ್ಕಾಲು. ಅಂದರೆ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕ ಫೋನಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಂಗ್ಲಿಷ್ ಹೇಗೋ ಓದಬಹುದು, ನಮ್ಮ ಒತ್ತಕ್ಷರ ಇರುವೆಯಾಗುತ್ತದೆ. ಇ-ಪುಸ್ತಕ, ಪತ್ರಿಕೆ ಓದುವವರಿಗೆ ಫೋನು ಸಾಕು, ಅಕ್ಷರ ಹಿಗ್ಗಿಸಿಕೊಳ್ಳಬಹುದು. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಯೇ ಬೇಕೆಂದರೆ ಎಂಟು ಇಂಚಿನ ಟ್ಯಾಬ್ ತೆಗೆದುಕೊಳ್ಳಿ, ಕಿಸೆಯ ಆಸೆ ಬಿಡಿ, ಜೋಳಿಗೆಗೆ ಹಾಕಿ. ಟಿಪ್ಪಣಿಗೆ ಕೀಲಿ ಒತ್ತುವುದು ಬೇಸರವಾದರೆ ಮಾತಾಡಿ. 2017ರ ಆಗಸ್ಟಿನಿಂದ ಗೂಗಲ್‌ಗೆ ಕನ್ನಡ ಕೇಳಿ ಬರೆದುಕೊಳ್ಳುವುದು ಬರುತ್ತದೆ. ನನ್ನ ದಕ್ಷಿಣ ಕನ್ನಡದ ಕನ್ನಡಕ್ಕೆ ಅದು ಸ್ವಲ್ಪ ತಡವರಿಸುತ್ತದೆ, ಗ್ರಾಂಥಿಕವಾಗಿ ಮಾತಾಡಿದರೆ ಚೆನ್ನಾಗಿ ಬರೆಯುತ್ತದೆ. ಬರೆದದ್ದು ಯುನಿಕೋಡಿನಲ್ಲಿ ಉಳಿಯುತ್ತದೋ, ಯಂತ್ರ ಬದಲಾಯಿಸಿದರೆ ಹೊರಗೆ ತೆಗೆಯಲು ಬರುತ್ತದೋ ಅಂತ ಅಂಗಡಿಯಲ್ಲೇ ಪರೀಕ್ಷಿಸಿ. ಹಳೆಯ ಫಾಂಟಿನ ಸಂಕೇತದಲ್ಲಿ ಉಳಿಸಿಟ್ಟ ಕಡತಗಳು ಇವತ್ತಿಗೂ ಪರಿವರ್ತಕಕ್ಕೆ ಹಾಕಿದ ಹೊರತು ಬರೀ ಗೀಚಿದ ಇಂಗ್ಲಿಷಿನಂತೆ ತೆರೆದುಕೊಳ್ಳುತ್ತವೆ. ಪರೀಕ್ಷೆಗೆ ‘ಸ್ತ್ರೀ’ ಅಂತ ಬರೆದು, ನಿಮಗೇ ಒಂದು ಮೇಲ್ ಕಳಿಸಿ, ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿದರೆ ಸಾಕು.