ಏಣಿ ಮುಟ್ಟದ ಎತ್ತರ, ಹಾಸನದ ಹಿಡಿತ

ಹುಬ್ಬಳ್ಳಿಯ ಕಟ್ಟಡವೊಂದರ ಮಾಳಿಗೆಯ ಮೇಲಿನ ನಿಸ್ತಂತು ಇಂಟರ್‌ನೆಟ್ ಉಪಕರಣ ಕೈಕೊಟ್ಟರೆ, ಸಾಮಾನ್ಯವಾಗಿ ಕಂಪನಿಯವರು ಕೂಡಲೇ ಆಳು ಕಳಿಸುವುದಿಲ್ಲ. ಮೊದಲು ದೂರದ ನಿಯಂತ್ರಣ ಕೊಠಡಿಯಲ್ಲಿ ಕುಳಿತೇ ಅದರ ಆರೋಗ್ಯ ವಿಚಾರಿಸುತ್ತಾರೆ. ವಿದ್ಯುತ್ ಬರುತ್ತಿದೆಯೇ? ಸಂಕೇತ ಬಲವಾಗಿದೆಯೇ? ಬೇಕಿದ್ದರೆ ಅಲ್ಲಿಂದಲೇ ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಏಣಿ ಇದ್ದೇ ಇದೆ.

ಏಣಿಯೇ ಮುಟ್ಟದ ಕಡೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಹಾಸನ ನಾಲ್ಕು ದಶಕಗಳಿಂದ ಎದುರಿಸುತ್ತ ಬಂದಿದೆ. ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಅಲ್ಲಿ ಆರಂಭವಾದದ್ದು 1982ರಲ್ಲಿ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಸಂಪರ್ಕ ಉಪಗ್ರಹಗಳು ತಮ್ಮ ಬ್ಯಾಟರಿ, ಉಷ್ಣತೆ, ಇಂಧನಗಳ ಸ್ಥಿತಿಯನ್ನು ರೇಡಿಯೊ ಸಂಕೇತಗಳಲ್ಲಿ ತಿಳಿಸುತ್ತಿರುತ್ತವೆ. ಅದನ್ನು ಓದಿದ ಎಂಜಿನಿಯರುಗಳು ಅದೇ ದಾರಿಯಲ್ಲಿ ಆಜ್ಞೆ ಕಳಿಸುತ್ತಾರೆ. ಪಕ್ಕಕ್ಕೆ ಸರಿದ ಉಪಗ್ರಹವನ್ನು ಮರಳಿ ಜಾಗಕ್ಕೆ ತರುವುದೂ ಹೀಗೆಯೇ.

ಮೊದಲ ಅನುಭವ ಕಹಿಯಾಗಿತ್ತು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಐದು ತಿಂಗಳೂ ಬಾಳಲಿಲ್ಲ. ತನ್ನನ್ನು ಸರಿಯಾದ ದಿಕ್ಕಿಗೆ ನಿಲ್ಲಿಸಿಕೊಳ್ಳಲು ಬೇಕಾದ ಇಂಧನ ಬರಿದಾಗಿ, ಸೆಪ್ಟೆಂಬರ್ 6ರಂದು ಅದರ ಕತೆ ಮುಗಿಯಿತು. ಮರುವರ್ಷ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಹೊತ್ತೊಯ್ದ ಇನ್ಸಾಟ್-1ಬಿ ಕೂಡ ಹೆದರಿಸಿತು. ಅದರ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಉಪಗ್ರಹ ನಿರ್ಮಿಸಿದ ಫೋರ್ಡ್ ಕಂಪನಿಯವರೂ ಭಾರತೀಯ ಎಂಜಿನಿಯರುಗಳೂ ನೆಲದಿಂದಲೇ ಹೆಣಗಾಡಿ, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದನ್ನು ಬಿಡಿಸಿದರು. ದೇಶದುದ್ದಗಲಕ್ಕೂ ದೂರದರ್ಶನ ಹಬ್ಬಲು ನೆರವಾದದ್ದು ಹೀಗೆ ಉಳಿದುಕೊಂಡ ಈ ಉಪಗ್ರಹವೇ.

ಆದರೆ ಈ ವಿದ್ಯೆಯೆಲ್ಲ ನಿಂತಿರುವುದು ಕಣ್ಣಿಗೆ ಕಾಣದ ರೇಡಿಯೊ ಎಳೆಯೊಂದರ ಮೇಲೆ. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಜೊತೆಗಿನ ಆ ಎಳೆ ಕೆಲವೇ ದಿನಗಳಲ್ಲಿ ಕಡಿದುಹೋಯಿತು. ಕೇಳುವ ಕಿವಿಯೇ ಇಲ್ಲವಾದ ಮೇಲೆ ಆಜ್ಞೆ ಕಳಿಸಿ ಫಲವೇನು?

ಆಗ ಬ್ರಾಡ್‌ಬ್ಯಾಂಡ್ ಸೇವೆಗೆಂದೇ ಸಿದ್ಧವಾದ, 5,854 ಕಿಲೊ ತೂಕದ ಜಿಸ್ಯಾಟ್-11 ಉಪಗ್ರಹ ಉಡಾವಣೆಗಾಗಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ತಲುಪಿತ್ತು. ಇಸ್ರೋ ಏಪ್ರಿಲ್‌ನಲ್ಲಿ ಅದನ್ನು ಭಾರತಕ್ಕೆ ವಾಪಸು ತರಿಸಿ ಇನ್ನೊಮ್ಮೆ ಪರೀಕ್ಷೆಗೆ ಒಡ್ಡಿತು. ಅದು ಹಾರಿದ್ದು ಡಿಸೆಂಬರ್ 5ರಂದು. ರಾಕೆಟ್‌ನಿಂದ ಬೇರ್ಪಟ್ಟ ಕೂಡಲೇ ಹಾಸನ ಅದರ ಹೊಣೆ ಹೊತ್ತಿತು. ತಂತಿ ಎಳೆಯಲಾಗದ ಊರುಗಳ ಗ್ರಾಮ ಪಂಚಾಯಿತಿಗಳಿಗೂ ಇಂಟರ್‌ನೆಟ್ ಮುಟ್ಟಿಸುವುದು ಅದರ ಉದ್ದೇಶಗಳಲ್ಲೊಂದು.

ಉಡಾವಣೆ ತಿಂಗಳುಗಟ್ಟಲೆ ತಡವಾಯಿತು, ನಿಜ. ಆದರೆ ಮನುಷ್ಯನ ಕೈ ಉಪಗ್ರಹವನ್ನು ಮುಟ್ಟಬಹುದಾಗಿದ್ದ ಕೊನೆಯ ದಿನಗಳು ಅವು. ಹಾರಿದ ಮೇಲೆ ಹಾಸನದ ಬಳಿ ಉಳಿಯುವುದು ಆಜ್ಞೆ ಮಾತ್ರ.