ತಿರುಳ್ಗನ್ನಡದ ನೆಲ: ನಾಲ್ಕು ಊರುಗಳು, ಹಲವು ಆಡಳಿತಗಳು

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡನ್ನು ಎರಡು ನೆಲೆಗಳಲ್ಲಿ ನಿರೂಪಿಸುತ್ತದೆ. ಹೊರಗಿನ ಎಲ್ಲೆಗೆ ಅದು ಕಾವೇರಿ, ಗೋದಾವರಿ ನದಿಗಳನ್ನು ಹೇಳಿದರೆ, ಒಳಗಿನ ತಿರುಳಿಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳೆಂಬ ನಾಲ್ಕು ಊರುಗಳನ್ನು ಹೇಳುತ್ತದೆ. ಇವು ಕ್ರಮವಾಗಿ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಹಾಗೂ ಬೆಳಗಾವಿ ಜಿಲ್ಲೆಯ ಒಕ್ಕುಂದ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಗುರುತಿಸುವಿಕೆ. ಉಪಭಾಷಾ ಅಧ್ಯಯನದಲ್ಲಿ ‘ಧಾರವಾಡ ಕನ್ನಡ’ವನ್ನು ಒಂದು ಸಿದ್ಧ ಘಟಕವೆಂದು ಭಾವಿಸುವುದು ರೂಢಿಯಾಗಿರುವಾಗ, ಈ ನಾಲ್ಕು ಊರುಗಳ ಚರಿತ್ರೆಯನ್ನು ಆ ಘಟಕದ ಎದುರಿಗಿಟ್ಟು ನೋಡುವುದು ನಮ್ಮ ಉದ್ದೇಶ.

ಮೊದಲು ಗಮನಿಸಬೇಕಾದುದು ಪಟ್ಟಿಯಲ್ಲಿ ಇಲ್ಲದ ಊರನ್ನು. ಕೃತಿ ಹುಟ್ಟಿದ್ದು ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ. ಆದರೆ ಮಾನ್ಯಖೇಟವು ತಿರುಳಿನ ಆಚೆ, ದೂರದ ಈಶಾನ್ಯದಲ್ಲಿದೆ. ಅಧಿಕಾರದ ಕೇಂದ್ರವನ್ನೂ ಭಾಷೆಯ ಕೇಂದ್ರವನ್ನೂ ಒಂದಾಗಿಸುವ ಅವಕಾಶವಿದ್ದರೂ ಗ್ರಂಥಕಾರನು ಹಾಗೆ ಮಾಡಲಿಲ್ಲ.

ಈ ತಿರುಳು ಆಡುಮಾತಿನ ವಲಯ ಮಾತ್ರವಾಗಿರದೆ ಸಂಚರಿಸಬಲ್ಲ ಸಾಹಿತ್ಯಕ ಪ್ರಮಾಣವೂ ಆಗಿತ್ತೆಂಬುದಕ್ಕೆ ಪಂಪನೇ ಸಾಕ್ಷಿ. ಅವನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಆದರೂ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಅವನು ಹೇಳಿಕೊಳ್ಳುತ್ತಾನೆ. ಅವನ ತಮ್ಮ ಜಿನವಲ್ಲಭನು ಕುರ್ಕ್ಯಾಲದಲ್ಲಿ ಬರೆಸಿದ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಮೂರನ್ನೂ ಬಳಸುತ್ತದೆ; ತಂದೆಯ ಕಡೆಯಿಂದ ವೆಂಗಿನಾಡನ್ನೂ ತಾಯಿಯ ಕಡೆಯಿಂದ ಬೆಳ್ವೊಲದ ಅಣ್ಣಿಗೇರಿಯನ್ನೂ ಸ್ಮರಿಸುತ್ತದೆ. ಒಂದೇ ಮನೆತನದಲ್ಲಿ ಎರಡು ನಾಡುಗಳೂ ಮೂರು ಭಾಷೆಗಳೂ ಕೂಡಿದ್ದವು.

ಇನ್ನು ಆಧುನಿಕ ಕಾಲ. 1948ಕ್ಕೆ ಮುಂಚೆ ಒಕ್ಕುಂದ, ಪಟ್ಟದಕಲ್ಲುಗಳು ಮುಂಬಯಿ ಪ್ರಾಂತದಲ್ಲಿದ್ದವು; ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಕೊಪ್ಪಳ ನಿಜಾಮನ ಹೈದರಾಬಾದಿಗೂ ಸೇರಿದ್ದವು. ನವಲಗುಂದ, ಕಲಘಟಗಿಗಳು ಬ್ರಿಟಿಷ್ ಧಾರವಾಡ ಜಿಲ್ಲೆಯಲ್ಲಿದ್ದರೆ ನಡುವಿನ ಕುಂದಗೋಳ ಜಮಖಂಡಿ ಸಂಸ್ಥಾನದ್ದು. ಇವೆಲ್ಲ ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. 1997ರಲ್ಲಿ ಗದಗ, ಹಾವೇರಿಗಳು ಬೇರೆಯಾದಾಗ ಪುಲಿಗೆರೆಯ ನೆಲವೇ ಧಾರವಾಡ ಜಿಲ್ಲೆಯಿಂದ ಹೊರಹೋಯಿತು.

ಆ ನಾಲ್ಕು ಊರುಗಳನ್ನು ನಕ್ಷೆಯ ಮೇಲೆ ಸರಳರೇಖೆಗಳಿಂದ ಜೋಡಿಸಿದರೆ ಅಣ್ಣಿಗೇರಿ, ನವಲಗುಂದಗಳು ಚತುರ್ಭುಜದ ಒಳಗೆ ಬೀಳುತ್ತವೆ. ಕುಂದಗೋಳ ಅಂಚಿನಾಚೆಗೆ ಸರಿಯುತ್ತದೆ. ಮಲೆನಾಡಿನ ಸೆರಗಿನ ಕಲಘಟಗಿ ಸ್ಪಷ್ಟವಾಗಿ ಹೊರಗುಳಿಯುತ್ತದೆ. ಕವಿರಾಜಮಾರ್ಗವು ಭೂಮಾಪನದ ಗ್ರಂಥವಲ್ಲವಾದ್ದರಿಂದ ಈ ರೇಖೆಯನ್ನು ಉಪಭಾಷೆಯ ಗಡಿಯೆಂದು ಭಾವಿಸಲಾಗದು. ಆದರೆ ಇಂದಿನ ಜಿಲ್ಲೆಯ ಗಡಿಗೂ ಅದಕ್ಕಿಂತ ಹೆಚ್ಚಿನ ಭಾಷಿಕ ಪ್ರಾಮಾಣ್ಯವಿಲ್ಲ.

ಆದುದರಿಂದ ಕ್ಷೇತ್ರಕಾರ್ಯದಲ್ಲಿ ಮಾತುಗಾರರ ನೆಲೆಯನ್ನು ‘ಧಾರವಾಡ ಜಿಲ್ಲೆ’ ಎಂದು ದಾಖಲಿಸಿದರೆ ಸಾಲದು. ಊರು, ಆ ಊರು ಹಿಂದೆ ಸೇರಿದ್ದ ಆಡಳಿತ, ಎರೆನೆಲವೋ ಮಲೆನಾಡಿನ ಅಂಚೋ ಎಂಬ ವಿವರ, ತಾಯಿಯ ತವರು ಇವೂ ದಾಖಲಾಗಬೇಕು. ಜಿನವಲ್ಲಭನ ಶಾಸನವು ತಾಯಿಯ ಊರಿನ ನಂಟನ್ನು ಮರೆಯಲಿಲ್ಲ. ನಮ್ಮ ಪ್ರಶ್ನಾವಳಿಗಳೂ ಮರೆಯಬಾರದು. ಜಿಲ್ಲೆಯನ್ನು ಮೊದಲೇ ಘಟಕವೆಂದು ಒಪ್ಪಿಕೊಂಡರೆ, ಶೋಧಿಸಬೇಕಾದ ಗಡಿಯನ್ನೇ ಆಧಾರವಾಗಿ ಸ್ವೀಕರಿಸಿದಂತಾಗುತ್ತದೆ.